ಸಣ್ಣ ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳ ಕ್ರೀಡಾ ತಂಡಗಳು: ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಅರ್ಜಿದಾರರಿಗೆ ಮಾಹಿತಿ

ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐ.ಟಿ.ಐ.) ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ವ್ಯಾಸಂಗ ಮಾಡುತ್ತಿರುವ ಅಥವಾ ವ್ಯಾಸಂಗ ಪೂರ್ಣಗೊಳಿಸಿರುವ ವಿದ್ಯಾರ್ಥಿಗಳು ಹಾಗೂ ಅವರ ಪಾಲಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕಾಲೇಜಿನ ತಂಡದಲ್ಲಿ ಆಡಿ ಪದಕ ಪಡೆದ ಅಭ್ಯರ್ಥಿಯು ಮುಂದೆ ಉದ್ಯೋಗಕ್ಕೆ ಅರ್ಜಿ ಸಲ್ಲಿಸುವಾಗ ತನ್ನ ಬಳಿಯಿರುವ ಪ್ರಮಾಣಪತ್ರವು ಕ್ರೀಡಾ ಕೋಟಾಕ್ಕೆ ಪರಿಗಣಿತವಾಗುವುದಿಲ್ಲವೆಂದು ತಿಳಿದು ನಿರಾಶೆಗೊಳ್ಳುವ ಸಂದರ್ಭಗಳುಂಟು. ಅಂತಹ ಹೊತ್ತಿಗೆ ವಯೋಮಿತಿಯೂ ಮೀರುವ ಹಂತದಲ್ಲಿರುತ್ತದೆ. ಆದಕಾರಣ ಪ್ರವೇಶ ಪಡೆದ ಮೊದಲ ವರ್ಷದಲ್ಲಿಯೇ ಈ ಪುಟವನ್ನು ಓದಿಕೊಳ್ಳುವುದು ಸೂಕ್ತ.

ಸಂಸ್ಥೆ ಮತ್ತು ತಂಡ

ಐ.ಟಿ.ಐ.ಗಳಲ್ಲಿ ಒಂದು ವೃತ್ತಿಯ ಒಂದು ಘಟಕಕ್ಕೆ ಸಾಮಾನ್ಯವಾಗಿ 20 ಅಥವಾ 24 ಸ್ಥಾನಗಳಿರುತ್ತವೆ. ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ವೃತ್ತಿಗಳ ಅವಧಿ ಎರಡು ವರ್ಷ. ವೆಲ್ಡರ್ ವೃತ್ತಿಯದು ಒಂದು ವರ್ಷ. ಎರಡು ವೃತ್ತಿಗಳಲ್ಲಿ ತಲಾ ಒಂದು ಘಟಕ ಮಾತ್ರ ಇರುವ ಸಂಸ್ಥೆಯಲ್ಲಿ ಎರಡೂ ವರ್ಷದವರನ್ನು ಸೇರಿಸಿದರೂ ಸಂಖ್ಯೆ ನೂರನ್ನು ಮುಟ್ಟುವುದಿಲ್ಲ. ಕಬಡ್ಡಿಗೆ ಅಂಗಳದಲ್ಲಿ 7 ಮಂದಿ, ಬದಲಿ ಆಟಗಾರರೂ ಸೇರಿ 12 ಮಂದಿ ಬೇಕು. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ 8 ಮಂದಿ ಸಾಲಿನಲ್ಲಿ ಕುಳಿತು ಒಬ್ಬರು ಓಡುವುದರಿಂದ 9 ಮಂದಿ ಅಂಗಳದಲ್ಲಿಯೇ ಇರುತ್ತಾರೆ, ಬದಲಿಯವರು ಬೇರೆ. ವಾಲಿಬಾಲ್‌ಗೆ 6 ಮಂದಿ. ಹೀಗಾಗಿ ಒಬ್ಬನೇ ವಿದ್ಯಾರ್ಥಿ ಮೂರೂ ತಂಡಗಳಲ್ಲಿರುವುದೂ ಉಂಟು. ಒಂದೇ ದಿನ ಎರಡು ಆಟಗಳ ಪಂದ್ಯಗಳು ಬಿದ್ದಾಗ ಇಂತಹ ಸಂಸ್ಥೆಗಳು ಒಂದನ್ನು ಕೈಬಿಡಬೇಕಾಗುತ್ತದೆ. ಆದುದರಿಂದ ಸಣ್ಣ ಸಂಸ್ಥೆಯು ಒಂದು ಗುಂಪು ಆಟವನ್ನೂ ಎರಡು ಮೂರು ವೈಯಕ್ತಿಕ ಸ್ಪರ್ಧೆಗಳನ್ನೂ ಆಯ್ದುಕೊಂಡು ವರ್ಷವಿಡೀ ಅಭ್ಯಾಸ ನಡೆಸುವುದು, ಎಲ್ಲ ಆಟಗಳಿಗೂ ಹೆಸರು ನೋಂದಾಯಿಸುವುದಕ್ಕಿಂತ ಪ್ರಯೋಜನಕಾರಿ.

ಸಣ್ಣ ಐ.ಟಿ.ಐ.ಗಳಲ್ಲಿ ದೈಹಿಕ ಶಿಕ್ಷಣಕ್ಕೆ ಪ್ರತ್ಯೇಕ ಹುದ್ದೆ ಇರುವುದು ಅಪರೂಪ. ಕಿರಿಯ ತರಬೇತಿ ಅಧಿಕಾರಿಗಳಲ್ಲಿ ಒಬ್ಬರಿಗೆ ಕ್ರೀಡೆಯ ಪ್ರಭಾರವನ್ನು ವಹಿಸಲಾಗುತ್ತದೆ. ಅವರು ಬೆಳಿಗ್ಗೆ ಕಾರ್ಯಾಗಾರದಲ್ಲಿ ಪಾಠ ನಡೆಸಿ ಸಂಜೆ ಅಂಗಳಕ್ಕೆ ಬರುವವರು. ಅಂತಹವರಿಂದ ಆಟದ ತಾಂತ್ರಿಕ ತರಬೇತಿಯನ್ನೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಕಾಗದಪತ್ರಗಳ ವಿಷಯದಲ್ಲಿ, ಅಂದರೆ ತಂಡದ ಪಟ್ಟಿ, ಜನ್ಮ ದಿನಾಂಕದ ದಾಖಲೆ, ಪ್ರಾಂಶುಪಾಲರ ದೃಢೀಕರಣ ಇವುಗಳಲ್ಲಿ, ಅವರ ನೆರವನ್ನು ವಿದ್ಯಾರ್ಥಿಗಳು ಕೇಳಿ ಪಡೆಯಬಹುದು.

ಈ ಭಾಗದ ಆಟಗಳು

ವಿಜಯಪುರ ಜಿಲ್ಲೆಯು ರಾಜ್ಯದಲ್ಲಿ ಸೈಕ್ಲಿಂಗ್ ಕ್ರೀಡೆಗೆ ಹೆಸರಾಗಿದೆ. ನೆರೆಯ ಬಾಗಲಕೋಟೆಯೊಂದಿಗೆ ಸೇರಿ (1997ರವರೆಗೆ ಎರಡೂ ಒಂದೇ ಜಿಲ್ಲೆ) ರಾಷ್ಟ್ರಮಟ್ಟದ ಹಲವು ಸೈಕ್ಲಿಸ್ಟ್‌ಗಳನ್ನು ಈ ಪ್ರದೇಶವು ನೀಡಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾ ನಿಲಯವು ವಿಜಯಪುರ ನಗರದಲ್ಲಿದೆ. ಹಳ್ಳಿಯಿಂದ ಶಾಲೆಗೆ ಸೈಕಲ್ ತುಳಿದು ಬೆಳೆದ ಮಕ್ಕಳಿಗೆ ಈ ಕ್ರೀಡೆ ಹೊಸದೇನಲ್ಲ. ಆದರೆ ಸ್ಪರ್ಧೆಗೆ ಬೇಕಾಗುವ ಸೈಕಲ್ಲಿನ ಬೆಲೆ ದುಬಾರಿ. ಸಣ್ಣ ಕಾಲೇಜಿನ ಕ್ರೀಡಾ ಶುಲ್ಕದಿಂದ ಅದನ್ನು ಕೊಳ್ಳಲಾಗದು. ಆದಕಾರಣ ಸೈಕ್ಲಿಂಗ್‌ನಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಯು ಕಾಲೇಜಿನ ತಂಡವನ್ನು ಕಾಯದೆ ನೇರವಾಗಿ ಜಿಲ್ಲಾ ಕ್ರೀಡಾ ಕಚೇರಿಯನ್ನೂ ಜಿಲ್ಲಾ ಸೈಕ್ಲಿಂಗ್ ಸಂಸ್ಥೆಯನ್ನೂ ಸಂಪರ್ಕಿಸತಕ್ಕದ್ದು. ಸೊಲ್ಲಾಪುರ ರಸ್ತೆಯಂತಹ ಹೆದ್ದಾರಿಗಳಲ್ಲಿ ಭಾರಿ ವಾಹನಗಳ ಸಂಚಾರವಿರುವುದರಿಂದ ಹೆಲ್ಮೆಟ್ ಇಲ್ಲದೆ, ಜೊತೆಗಾರರಿಲ್ಲದೆ, ಬೆಳಕು ಹರಿಯುವ ಮೊದಲು ಅಭ್ಯಾಸಕ್ಕೆ ಇಳಿಯಬಾರದು.

ಕುಸ್ತಿ ಮತ್ತು ಭಾರ ಎತ್ತುವ ಪಂದ್ಯಗಳು ಇಲ್ಲಿಯ ಜಾತ್ರೆಗಳೊಂದಿಗೆ ಬೆಳೆದು ಬಂದಿವೆ. ವಿಜಯಪುರದ ಶ್ರೀ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಮಣದ ಸುಮಾರಿಗೆ ಜಂಗೀ ನಿಕಾಲಿ ಕುಸ್ತಿಗಳೂ ಭಾರ ಎತ್ತುವ ಸ್ಪರ್ಧೆಗಳೂ ನಡೆಯುತ್ತವೆ. ಜಾತ್ರೆಯಲ್ಲಿ ಗೆದ್ದ ಬಹುಮಾನವು ಊರಿನಲ್ಲಿ ದೊಡ್ಡ ಮರ್ಯಾದೆಯೇ ಹೌದು. ನೇಮಕಾತಿಯ ಅರ್ಜಿಗೆ ಮಾತ್ರ ಅದು ದಾಖಲೆಯಾಗುವುದಿಲ್ಲ. ಮಣ್ಣಿನ ಕುಸ್ತಿ ಆಡುವವರು ಮ್ಯಾಟಿನ ಮೇಲಿನ, ತೂಕದ ವರ್ಗಗಳ ಸ್ಪರ್ಧೆಗಳಲ್ಲಿಯೂ ಭಾಗವಹಿಸಿದಲ್ಲಿ ಅದೇ ಶ್ರಮಕ್ಕೆ ಅಧಿಕೃತ ಮಾನ್ಯತೆ ದೊರೆಯುವ ಅವಕಾಶವಿದೆ.

ವಿದ್ಯಾರ್ಥಿನಿಯರ ವಿಷಯದಲ್ಲಿ ಒಂದು ಮಾತು. ವಿಜಯಪುರ ನಗರದವರಾದ ಎಡಗೈ ಸ್ಪಿನ್ ಬೌಲರ್ ರಾಜೇಶ್ವರಿ ಗಾಯಕ್ವಾಡ್ ಅವರು 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗಳಿಗೆ 5 ವಿಕೆಟ್ ಪಡೆದರು. ಭಾರತವು ಆ ಪಂದ್ಯವನ್ನು 186 ರನ್‌ಗಳಿಂದ ಗೆದ್ದು ಸೆಮಿಫೈನಲ್ ತಲುಪಿತು. ಹೆಣ್ಣುಮಕ್ಕಳನ್ನು ಅಭ್ಯಾಸಕ್ಕೆ ಕಳುಹಿಸಲು ಹಿಂಜರಿಯುವ ಪಾಲಕರು ಮುಖ್ಯವಾಗಿ ಕೇಳುವುದು ಸಂಜೆಯ ಬಸ್ಸಿನ ಬಗ್ಗೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಆದ್ದರಿಂದ ಪ್ರಯಾಣದ ಖರ್ಚು ಈಗ ಅಡ್ಡಿಯಲ್ಲ, ಸಮಯ ಮಾತ್ರ ಅಡ್ಡಿ. ವಿಜಯಪುರದಿಂದ ತಿಕೋಟಾ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ., ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿ ಸುಮಾರು 25 ಕಿ.ಮೀ. ದೂರದಲ್ಲಿವೆ. ಒಳಗಿನ ಹಳ್ಳಿಗಳಿಗೆ ಹೋಗುವವರು ಅಲ್ಲಿಂದ ಮತ್ತೊಂದು ಬಸ್ಸು ಹಿಡಿಯಬೇಕು. ತಂಡದ ಅಭ್ಯಾಸವನ್ನು ಸಂಜೆಗೆ ಬದಲಾಗಿ ತರಗತಿಗೆ ಮುಂಚಿನ ಒಂದು ಗಂಟೆಗೆ ನಿಗದಿಪಡಿಸುವಂತೆ ಪಾಲಕರು ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸಬಹುದು. ಬೇಸಿಗೆಯಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ಆರೋಗ್ಯದ ದೃಷ್ಟಿಯಿಂದಲೂ ಬೆಳಗಿನ ಅಭ್ಯಾಸವೇ ಮೇಲು.

ಅಂಗಳ ಮತ್ತು ಸಲಕರಣೆ

ಈ ಮೂರೂ ಕಡೆ ಎರೆಮಣ್ಣು ಹೆಚ್ಚು. ಮಳೆ ಬಿದ್ದಾಗ ಅದು ಉಬ್ಬಿ ಕಾಲಿಗೆ ಅಂಟುತ್ತದೆ. ಒಣಗಿದಾಗ ಬಿರುಕು ಬಿಟ್ಟು ಪಾದ ಉಳುಕಿಸುತ್ತದೆ. ಕಬಡ್ಡಿ, ಖೋ-ಖೋ ಅಂಗಳಗಳಿಗೆ ಮೇಲ್ಪದರವಾಗಿ ಗರಸು ಹಾಕಿ, ನೀರುಣಿಸಿ, ರೋಲರ್ ಎಳೆಯುವುದು ಅಗತ್ಯ. ಪುರುಷರ ಕಬಡ್ಡಿ ಅಂಗಳ 13 ಮೀ. ಉದ್ದ ಮತ್ತು 10 ಮೀ. ಅಗಲ, ಮಹಿಳೆಯರದು 12 ಮೀ. ಮತ್ತು 8 ಮೀ. ಖೋ-ಖೋ ಅಂಗಳ 27 ಮೀ. ಮತ್ತು 16 ಮೀ.; ವಾಲಿಬಾಲ್ ಅಂಗಳ 18 ಮೀ. ಮತ್ತು 9 ಮೀ. ವಾಲಿಬಾಲ್ ನೆಟ್ಟಿನ ಎತ್ತರ ಪುರುಷರಿಗೆ 2.43 ಮೀ., ಮಹಿಳೆಯರಿಗೆ 2.24 ಮೀ. ವೆಲ್ಡರ್ ಮತ್ತು ಫಿಟ್ಟರ್ ವೃತ್ತಿಗಳಿರುವ ಸಂಸ್ಥೆಯು ನೆಟ್ಟಿನ ಕಂಬಗಳನ್ನೂ ಹರ್ಡಲ್ಸ್ ಚೌಕಟ್ಟುಗಳನ್ನೂ ಪ್ರಾಯೋಗಿಕ ಕೆಲಸದ ಭಾಗವಾಗಿ ತನ್ನ ಕಾರ್ಯಾಗಾರದಲ್ಲಿಯೇ ತಯಾರಿಸಿಕೊಳ್ಳಬಹುದು. ಇದರಿಂದ ಹಣವೂ ಉಳಿಯುತ್ತದೆ, ಅಳತೆ ತಪ್ಪಿದರೆ ಯಾರ ಕೈಗುಣವೆಂಬುದೂ ಗೊತ್ತಾಗುತ್ತದೆ.

ಎಸೆತದ ಸ್ಪರ್ಧೆಗಳಲ್ಲಿ ತೂಕದ ಬಗ್ಗೆ ಎಚ್ಚರ ವಹಿಸತಕ್ಕದ್ದು. ಪುರುಷರ ಗುಂಡು 7.26 ಕೆ.ಜಿ., ಡಿಸ್ಕಸ್ 2 ಕೆ.ಜಿ., ಜಾವೆಲಿನ್ 800 ಗ್ರಾಂ ಇರುತ್ತವೆ. ಆದರೆ ಎಸ್.ಎಸ್.ಎಲ್.ಸಿ. ಮುಗಿಸಿ ಬಂದ ವಿದ್ಯಾರ್ಥಿಯು 18 ವರ್ಷದೊಳಗಿನವನಾಗಿದ್ದು, ಆ ವರ್ಗದ ಬಾಲಕರಿಗೆ ಗುಂಡು 5 ಕೆ.ಜಿ., ಡಿಸ್ಕಸ್ 1.5 ಕೆ.ಜಿ., ಜಾವೆಲಿನ್ 700 ಗ್ರಾಂ ಎಂದು ನಿಗದಿಯಾಗಿದೆ. ಬಾಲಕಿಯರಿಗೆ ಕ್ರಮವಾಗಿ 3 ಕೆ.ಜಿ., 1 ಕೆ.ಜಿ. ಮತ್ತು 500 ಗ್ರಾಂ. ಕಾಲೇಜಿನ ಕಪಾಟಿನಲ್ಲಿ ದೊಡ್ಡವರ ಗುಂಡೊಂದೇ ಇದ್ದು ವರ್ಷವಿಡೀ ಅದರಲ್ಲಿಯೇ ಅಭ್ಯಾಸ ಮಾಡಿದ ಹುಡುಗನು ಭುಜ ನೋಯಿಸಿಕೊಂಡು, ಸ್ಪರ್ಧೆಯ ದಿನ ಬೇರೆ ತೂಕದ ಗುಂಡನ್ನು ಮೊದಲ ಬಾರಿ ಕೈಗೆ ತೆಗೆದುಕೊಳ್ಳುವಂತಾಗುತ್ತದೆ. ಸಲಕರಣೆ ಖರೀದಿಗೆ ಮುನ್ನ ಯಾವ ವಯೋವರ್ಗದವರು ಎಷ್ಟು ಮಂದಿ ಇದ್ದಾರೆಂದು ಎಣಿಸಿಕೊಂಡರೆ ಸಾಕು.

ಪ್ರಮಾಣಪತ್ರದ ಮೌಲ್ಯ

ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳ ನೇರ ನೇಮಕಾತಿಯಲ್ಲಿ ಪ್ರತಿಭಾವಂತ ಕ್ರೀಡಾಪಟುಗಳಿಗೆ ಶೇ. 5ರವರೆಗೆ ಅವಕಾಶವಿದೆ. ಇದಕ್ಕಾಗಿ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು ನಮೂನೆಗಳನ್ನು ಗೊತ್ತುಪಡಿಸಿದೆ. ನಮೂನೆ 1 ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ದೇಶವನ್ನು ಪ್ರತಿನಿಧಿಸಿದವರಿಗೆ. ನಮೂನೆ 2 ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ. ನಮೂನೆ 3 ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ. ನಮೂನೆ 4 ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯದ ಶಾಲಾ ತಂಡದಲ್ಲಿದ್ದವರಿಗೆ. ಪರಿಗಣಿಸಲಾಗುವ ಕ್ರೀಡೆಗಳ ಸಂಖ್ಯೆಯನ್ನು 2020ರಲ್ಲಿ 43ರಿಂದ 63ಕ್ಕೆ ಏರಿಸಲಾಯಿತು. ಕಬಡ್ಡಿ, ಖೋ-ಖೋ, ವಾಲಿಬಾಲ್, ಅಥ್ಲೆಟಿಕ್ಸ್, ಕುಸ್ತಿ ಹಾಗೂ ಸೈಕ್ಲಿಂಗ್ ಈ ಪಟ್ಟಿಯಲ್ಲಿವೆ.

ಸಣ್ಣ ಕಾಲೇಜಿನ ಕ್ರೀಡಾಪಟುವಿಗೆ ತೊಡಕಾಗುವುದು ಇಲ್ಲಿಯೇ. ಐ.ಟಿ.ಐ.ಯಾಗಲಿ, ತಾಂತ್ರಿಕ ಪರೀಕ್ಷಾ ಮಂಡಳಿಯ ಪರೀಕ್ಷೆ ಬರೆಯುವ ಪಾಲಿಟೆಕ್ನಿಕ್ ಆಗಲಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಅಂತರ ಪಾಲಿಟೆಕ್ನಿಕ್ ಕ್ರೀಡಾಕೂಟದಲ್ಲಿ ಅಥವಾ ಐ.ಟಿ.ಐ.ಗಳ ಕ್ರೀಡಾಕೂಟದಲ್ಲಿ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆದರೂ ಆ ಪ್ರಮಾಣಪತ್ರವು ನಮೂನೆ 3ಕ್ಕೆ ಸಮನಾಗುವುದಿಲ್ಲ. ದಸರಾ ಕ್ರೀಡಾಕೂಟದ ತಾಲ್ಲೂಕು, ಜಿಲ್ಲಾ ಮತ್ತು ಬೆಳಗಾವಿ ವಿಭಾಗ ಮಟ್ಟದ ಪ್ರಮಾಣಪತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಅದೇ ವಯಸ್ಸಿನ, ಅದೇ ವೇಗದಲ್ಲಿ ಓಡುವ ಪದವಿ ಕಾಲೇಜಿನ ವಿದ್ಯಾರ್ಥಿಗೆ ಇರುವ ದಾರಿ ವೃತ್ತಿ ಶಿಕ್ಷಣದ ವಿದ್ಯಾರ್ಥಿಗೆ ಇಲ್ಲದಿರುವುದು ಒಂದು ಕೊರತೆಯೆಂದೇ ಹೇಳಬೇಕು. ಆದರೆ ನಿಯಮವು ಇರುವಂತೆಯೇ ತಿಳಿದುಕೊಂಡು ಅದರೊಳಗೆ ದಾರಿ ಹುಡುಕುವುದು ಅರ್ಜಿದಾರರಿಗೆ ಹಿತ.

ದಾರಿಗಳು ಎರಡಿವೆ. ಮೊದಲನೆಯದು ನಮೂನೆ 2ರ ದಾರಿ. ಆಯಾ ಕ್ರೀಡೆಯ ಜಿಲ್ಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿಕೊಂಡು, ಜಿಲ್ಲಾ ಆಯ್ಕೆಯ ಮೂಲಕ ರಾಜ್ಯ ಚಾಂಪಿಯನ್‌ಷಿಪ್‌ಗೆ, ಅಲ್ಲಿಂದ ರಾಜ್ಯ ತಂಡಕ್ಕೆ ಆಯ್ಕೆಯಾಗಿ ಕಿರಿಯರ ಅಥವಾ ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡುವುದು. ಇದಕ್ಕೆ ಯಾವ ಕಾಲೇಜಿನಲ್ಲಿ ಓದುತ್ತಿದ್ದಾರೆಂಬುದು ಮುಖ್ಯವಲ್ಲ. ಆದರೆ ಸದರಿ ಸಂಸ್ಥೆಯು ಮಾನ್ಯತೆ ಪಡೆದ ರಾಷ್ಟ್ರೀಯ ಫೆಡರೇಷನ್ನಿನ ಅಂಗವಾಗಿರತಕ್ಕದ್ದು. ಒಂದೇ ಕ್ರೀಡೆಯ ಹೆಸರಿನಲ್ಲಿ ಎರಡು ಸಂಸ್ಥೆಗಳು ಚಾಂಪಿಯನ್‌ಷಿಪ್ ನಡೆಸುವುದುಂಟು. ಪ್ರವೇಶ ಶುಲ್ಕ ಪಾವತಿಸುವ ಮುನ್ನ ಜಿಲ್ಲಾ ಕ್ರೀಡಾ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ‘ನ್ಯಾಷನಲ್’ ಎಂದು ಬಣ್ಣದ ಅಕ್ಷರಗಳಲ್ಲಿ ಮುದ್ರಿತವಾದ ಮಾತ್ರಕ್ಕೆ ಪ್ರಮಾಣಪತ್ರವು ಮಾನ್ಯವಾಗುವುದಿಲ್ಲ.

ಎರಡನೆಯ ದಾರಿ ತಡವಾಗಿ ತೆರೆಯುವಂತಹುದು. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿಸಿಇಟಿ ಮೂಲಕ ಇಂಜಿನಿಯರಿಂಗ್ ಪದವಿಗೆ ಸೇರಿದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಂತಹ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗುತ್ತಾರೆ. ಆಗ ಅಂತರ ಕಾಲೇಜು ಕೂಟದ ಮೂಲಕ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುವ ಅವಕಾಶ ದೊರೆಯುತ್ತದೆ. ಪಾಲಿಟೆಕ್ನಿಕ್‌ನಲ್ಲಿದ್ದಾಗ ಆಟ ಬಿಡದೆ ಉಳಿಸಿಕೊಂಡವರಿಗೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ರೈಲ್ವೆಯ ಕ್ರೀಡಾ ಕೋಟಾಕ್ಕೆ ಪ್ರತ್ಯೇಕ ಮಾನದಂಡಗಳಿವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈಋತ್ಯ ರೈಲ್ವೆಯ ಅಧಿಸೂಚನೆಗಳನ್ನು ಆಯಾ ವರ್ಷ ನೋಡಿಕೊಳ್ಳತಕ್ಕದ್ದು. ರಾಜ್ಯ ಸರ್ಕಾರದ ನೇಮಕಾತಿಗಳಿಗೂ ಆಯಾ ಅಧಿಸೂಚನೆಯೇ ಆಧಾರ.

ಹಾಗಾದರೆ ಕಾಲೇಜು ತಂಡದ ಪ್ರಮಾಣಪತ್ರದಿಂದ ಉಪಯೋಗವೇ ಇಲ್ಲವೇ ಎಂಬ ಪ್ರಶ್ನೆ ಬರುವುದು ಸಹಜ. ಜಿಲ್ಲಾ ಆಯ್ಕೆಗೆ ಹೋಗುವ ಮೊದಲು ಪಂದ್ಯದ ಒತ್ತಡ ಪರಿಚಯವಾಗುವುದು, ತೀರ್ಪುಗಾರರ ಮುಂದೆ ಆಡುವ ರೂಢಿಯಾಗುವುದು ಈ ಕೂಟಗಳಲ್ಲಿಯೇ. ಗ್ಯಾರೇಜು, ಸಕ್ಕರೆ ಕಾರ್ಖಾನೆ ಮುಂತಾದ ಕಡೆ ಕೆಲಸ ಕೇಳುವಾಗ ಪಾಳಿಯ ದುಡಿಮೆಗೆ ದೇಹ ತಡೆಯುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಡಿಮೆ.

ಹೆಸರು, ಊರು ಮತ್ತು ಜನ್ಮ ದಿನಾಂಕ

ಪ್ರಮಾಣಪತ್ರದಲ್ಲಿನ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇರತಕ್ಕದ್ದು. ಈ ಭಾಗದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಬರೆಯುವ ರೂಢಿಯಿದ್ದು, ಕೂಟದ ಮೇಜಿನ ಮುಂದೆ ಅವಸರದಲ್ಲಿ ಅಡ್ಡಹೆಸರನ್ನು ಮಾತ್ರ ಬರೆಸಿಬಿಡುತ್ತಾರೆ. ಅಂಗಳದಲ್ಲಿ ಕರೆಯುವ ಹೆಸರು ದಾಖಲೆಗೆ ಬರಬಾರದು. ತಿದ್ದುಪಡಿ ಬೇಕಾದಲ್ಲಿ ಅದೇ ದಿನ, ಸಂಘಟಕರು ಚದುರುವ ಮೊದಲೇ, ಮಾಡಿಸಿಕೊಳ್ಳುವುದು ಸುಲಭ.

ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಬಿಜಾಪುರದ ಬದಲಿಗೆ ವಿಜಯಪುರವೆಂದಾಯಿತು. ತಿಕೋಟಾ ಮತ್ತು ಬಬಲೇಶ್ವರಗಳು 2017-18ರ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಸೇರಿವೆ. ಅದಕ್ಕೂ ಮುನ್ನ ಇವೆರಡೂ ವಿಜಯಪುರ ತಾಲ್ಲೂಕಿನಲ್ಲಿದ್ದವು. ಆದ್ದರಿಂದ ಒಬ್ಬನೇ ಅಭ್ಯರ್ಥಿಯ ಹಳೆಯ ಶಾಲಾ ದಾಖಲೆಯಲ್ಲಿ ‘ಬಿಜಾಪುರ ತಾಲ್ಲೂಕು’ ಎಂದೂ ಹೊಸ ಪ್ರಮಾಣಪತ್ರದಲ್ಲಿ ‘ತಿಕೋಟಾ ತಾಲ್ಲೂಕು’ ಎಂದೂ ಇರುವುದು ತಪ್ಪಲ್ಲ. ಹೊರ ರಾಜ್ಯದಲ್ಲಿ ದಾಖಲೆ ಪರಿಶೀಲನೆಗೆ ಹೋಗುವವರು ಪ್ರಸ್ತುತ ವಾಸಸ್ಥಳದ ದೃಢೀಕರಣವನ್ನು ನಾಡಕಚೇರಿಯಿಂದ ಪಡೆದು ಜೊತೆಗಿಟ್ಟುಕೊಂಡರೆ ಅಲ್ಲಿಯ ಅಧಿಕಾರಿಗಳಿಗೆ ವಿವರಿಸುವುದು ಸುಲಭವಾಗುತ್ತದೆ. ಪ್ರಸಂಗವಶಾತ್ ಇನ್ನೊಂದು ವಿಷಯ: ವಿಜಯಪುರದ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದ್ದರೂ ಜಿಲ್ಲೆಯು ಸಂವಿಧಾನದ 371(ಜೆ) ಅನುಚ್ಛೇದದ ಪ್ರದೇಶದಲ್ಲಿಲ್ಲ. ಬಸ್ಸಿನ ಮೇಲಿನ ಹೆಸರನ್ನು ನಂಬಿ ಅರ್ಜಿಯಲ್ಲಿ ಆ ಮೀಸಲಾತಿಯನ್ನು ಕೋರಬಾರದು.

ಜನ್ಮ ದಿನಾಂಕದ ವಿಷಯ ಸೂಕ್ಷ್ಮವಾದುದು. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಅಂದಾಜಿನಲ್ಲಿ ಬರೆಸಿದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಜನನ ನೋಂದಣಿ ಪತ್ರದಲ್ಲಿ ಒಂದು, ಶಾಲಾ ದಾಖಲೆಯಲ್ಲಿ ಮತ್ತೊಂದು ದಿನಾಂಕವಿದ್ದಲ್ಲಿ ವಯೋವರ್ಗದ ಸ್ಪರ್ಧೆಯಲ್ಲಿ ಆಕ್ಷೇಪಣೆ ಬರುತ್ತದೆ. ಕ್ರೀಡೆಯಲ್ಲಿ ವಯಸ್ಸಿನ ವಂಚನೆ ತಡೆಯಲು ಕೇಂದ್ರ ಸರ್ಕಾರವು 2010ರಲ್ಲಿ ಸಂಹಿತೆಯೊಂದನ್ನು ಹೊರಡಿಸಿತು. ಮಣಿಕಟ್ಟಿನ ಎಕ್ಸ್-ರೇ ಮೂಲಕ ಮೂಳೆಯ ಬೆಳವಣಿಗೆಯನ್ನು ನೋಡಿ ವಯಸ್ಸನ್ನು ಅಂದಾಜಿಸುವ ಪರೀಕ್ಷೆಯೂ ಬಳಕೆಯಲ್ಲಿದೆ. ಕಿರಿಯರ ವಿಭಾಗದಲ್ಲಿ ಒಂದು ಪದಕ ಸಿಗಲೆಂದು ದಿನಾಂಕವನ್ನು ಹಿಂದೆಮುಂದೆ ಮಾಡಿದವರು ಆಡುವ ಅರ್ಹತೆಯನ್ನೂ ಗೆದ್ದ ಪದಕವನ್ನೂ ಕಳೆದುಕೊಳ್ಳಬೇಕಾಗುತ್ತದೆ. ಅಂತಹ ಸಲಹೆಯನ್ನು ಯಾರೇ ನೀಡಿದರೂ ಪಾಲಕರು ಒಪ್ಪಬಾರದು.

ಹಾಜರಾತಿ ಮತ್ತು ಲೆಕ್ಕಪತ್ರ

ಐ.ಟಿ.ಐ. ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕುಳಿತುಕೊಳ್ಳಲು ಶೇ. 80ರಷ್ಟು, ಪಾಲಿಟೆಕ್ನಿಕ್‌ನಲ್ಲಿ ಶೇ. 75ರಷ್ಟು ಹಾಜರಾತಿ ಅಗತ್ಯ. ಅಕ್ಟೋಬರ್ ಸುಮಾರಿಗೆ ದ್ರಾಕ್ಷಿ ಚಾಟಣಿಗೂ ಜನವರಿಯಿಂದ ಮಾರ್ಚ್‌ವರೆಗೆ ಕಟಾವಿಗೂ ತೋಟದಲ್ಲಿ ಮನೆಮಂದಿಯೆಲ್ಲ ದುಡಿಯುವ ತಿಕೋಟಾ ಭಾಗದಲ್ಲಿ ವಿದ್ಯಾರ್ಥಿಗಳ ಗೈರುಹಾಜರಿ ಮೊದಲೇ ಹೆಚ್ಚಿರುತ್ತದೆ. ದಸರಾ ಕೂಟಗಳ ಅವಧಿಯೂ ಚಾಟಣಿಯ ಆಸುಪಾಸಿನಲ್ಲಿಯೇ ಬರುತ್ತದೆ. ಕೂಟಕ್ಕೆ ಹೋಗುವ ಮೊದಲು ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ನೀಡಿ ಅನುಮತಿ ಪಡೆದು, ಮರಳಿದ ನಂತರ ಸಂಘಟಕರಿಂದ ಪಡೆದ ಹಾಜರಾತಿ ಪತ್ರವನ್ನು ಸಲ್ಲಿಸತಕ್ಕದ್ದು. ಆ ದಿನಗಳನ್ನು ಹೇಗೆ ಪರಿಗಣಿಸಬೇಕೆಂಬುದು ಪ್ರಾಂಶುಪಾಲರ ವಿವೇಚನೆಗೆ ಮತ್ತು ಇಲಾಖೆಯ ಸೂಚನೆಗಳಿಗೆ ಬಿಟ್ಟದ್ದು. ಬಾಯಿಮಾತಿನ ಅನುಮತಿಯು ಪರೀಕ್ಷೆಯ ಹೊತ್ತಿಗೆ ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ಕ್ರೀಡಾ ಶುಲ್ಕವಾಗಿ ಪಡೆದ ಮೊತ್ತಕ್ಕೆ ರಸೀದಿ ಕೇಳುವುದು ವಿದ್ಯಾರ್ಥಿಯ ಹಕ್ಕು. ತಂಡದ ಪ್ರಯಾಣ ಮತ್ತು ಊಟದ ವೆಚ್ಚಕ್ಕೆ ಮುಂಗಡ ಪಡೆದ ಪ್ರಭಾರ ಅಧಿಕಾರಿಯು ಬಸ್ ಟಿಕೆಟ್, ಊಟದ ಬಿಲ್ಲು, ಆಟಗಾರರ ಸಹಿಯುಳ್ಳ ಪಟ್ಟಿ ಇವುಗಳೊಂದಿಗೆ ಲೆಕ್ಕ ಒಪ್ಪಿಸತಕ್ಕದ್ದು. ಹಿಂದಿನ ವರ್ಷದ ಲೆಕ್ಕ ಬಾಕಿ ಇದ್ದಲ್ಲಿ ಹೊಸ ಮುಂಗಡ ಮಂಜೂರಾಗುವುದು ಕಷ್ಟ. ಎರಡು ಟಿಕೆಟ್ ಕಳೆದುಹೋದ ಕಾರಣಕ್ಕೆ ಮರುವರ್ಷ ಇಡೀ ತಂಡವೇ ಊರಿನಲ್ಲಿ ಉಳಿಯುವಂತಾಗಬಾರದು. ಆಟಗಾರರೂ ತಮ್ಮ ಟಿಕೆಟ್ಟುಗಳನ್ನು ಅದೇ ದಿನ ಅಧಿಕಾರಿಗೆ ಒಪ್ಪಿಸಬೇಕು.

ಪ್ರಮಾಣಪತ್ರ ಕಳೆದುಹೋದಲ್ಲಿ

ಮೂಲ ಪ್ರಮಾಣಪತ್ರ ಕಳೆದುಹೋದವರು ಪೊಲೀಸ್ ಇಲಾಖೆಗೆ ವರದಿ ನೀಡಿ, ಅದರ ಸ್ವೀಕೃತಿಯೊಂದಿಗೆ ಕೂಟವನ್ನು ಸಂಘಟಿಸಿದ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಕೂಟದ ಹೆಸರು, ನಡೆದ ಸ್ಥಳ ಮತ್ತು ದಿನಾಂಕ, ಸ್ಪರ್ಧೆ, ಪಡೆದ ಸ್ಥಾನ ಇವುಗಳನ್ನು ನಮೂದಿಸತಕ್ಕದ್ದು. ಫಲಿತಾಂಶ ಪಟ್ಟಿಯ ಪ್ರತಿಯಿದ್ದರೆ ಲಗತ್ತಿಸಬೇಕು. ಸಂಘಟಕ ಸಂಸ್ಥೆಗಳು ಹಳೆಯ ಪಟ್ಟಿಗಳನ್ನು ಬಹುಕಾಲ ಇಟ್ಟುಕೊಳ್ಳುತ್ತವೆಂಬ ಭರವಸೆ ಇಲ್ಲ. ಆದ ಕಾರಣ ಕೂಟ ಮುಗಿದ ದಿನವೇ ಫಲಿತಾಂಶ ಪಟ್ಟಿಯ ಒಂದು ಪ್ರತಿಯನ್ನು, ಸಂಘಟಕರ ಸಹಿ ಮತ್ತು ಮೊಹರಿನೊಂದಿಗೆ, ಕಾಲೇಜಿನ ಕ್ರೀಡಾ ಕಡತದಲ್ಲಿ ಸೇರಿಸುವಂತೆ ಪ್ರಭಾರ ಅಧಿಕಾರಿಯನ್ನು ಕೋರುವುದು. ಮೂಲ ಪ್ರಮಾಣಪತ್ರವನ್ನು ಲ್ಯಾಮಿನೇಷನ್ ಮಾಡಿಸಬಾರದು. ದೃಢೀಕರಣದ ಸಹಿ ಅಥವಾ ಮೊಹರು ಹಾಕಬೇಕಾದಾಗ ಅದರ ಮೇಲೆ ಬರೆಯಲು ಆಗುವುದಿಲ್ಲ.